ಮೊದಲ ಚೀಟಿ, ಚಿಕ್ಕ ಡೋಸ್: ಆರಂಭದ ಸೈಕೋಸಿಸ್‌ಗೆ ಔಷಧ ಕೊಡುವ ಬಗೆ

ಮಡಿಕೇರಿಯ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಂಡು ಹೊರಬಂದವರ ಕೈಯಲ್ಲಿ ಒಂದು ಚೀಟಿ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ ನಾಲ್ಕೇ ಸಾಲು:

ರಿಸ್ಪೆರಿಡೋನ್ 1 ಮಿ.ಗ್ರಾಂ, 0-0-1, 4 ದಿನ. ನಂತರ 2 ಮಿ.ಗ್ರಾಂ, 0-0-1
ಲೊರಾಜೆಪಾಮ್ 1 ಮಿ.ಗ್ರಾಂ, 0-0-1, 7 ದಿನ ಮಾತ್ರ
ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ, ಬಿಗಿತ ಬಂದರೆ ಮಾತ್ರ
ಮತ್ತೆ ಬರುವುದು: 1 ವಾರ

ನಾಪೋಕ್ಲು ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತ ಇಪ್ಪತ್ತೊಂದರ ಮಗ. ಪಕ್ಕದಲ್ಲಿ ಆ ಚೀಟಿಯನ್ನು ಮಡಚುತ್ತ, ಬಿಡಿಸುತ್ತ ಕೂತ ತಾಯಿ. ಇದು ನಿದ್ದೆ ಮಾತ್ರೆಯೇ? ಜೀವನಪೂರ್ತಿ ತಿನ್ನಬೇಕೇ? ಮೂರು ವಾರದಿಂದ ಮನೆಯನ್ನೇ ಅಲುಗಾಡಿಸಿದ ತೊಂದರೆಗೆ ಕಡಲೆ ಬೇಳೆಯಷ್ಟು ಮಾತ್ರೆ ಸಾಕೇ? ಜನ ತುಂಬಿದ ಒಪಿಡಿಯಲ್ಲಿ ಇವನ್ನೆಲ್ಲ ಕೇಳಲು ಹೊತ್ತು ಸಿಗುವುದು ಕಡಿಮೆ. ಹಾಗಾಗಿ ಈ ಚೀಟಿಯನ್ನೇ ಹಿಡಿದು, ಸಾಲು ಸಾಲಾಗಿ ಓದೋಣ. 0-0-1 ಎಂದರೆ ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇಲ್ಲಿ ಬರುವ ಪ್ರಮಾಣಗಳು ವೈದ್ಯರು ಬರೆದದ್ದನ್ನು ಅರ್ಥ ಮಾಡಿಕೊಳ್ಳುವುದಕ್ಕೆ. ಅಂಗಡಿಯಿಂದ ತಂದು ಕೊಡುವುದಕ್ಕಲ್ಲ.

ಸೈಕೋಸಿಸ್ ಎಂದರೆ

ಸೈಕೋಸಿಸ್ ಒಂದೇ ಕಾಯಿಲೆಯ ಹೆಸರಲ್ಲ. ಜ್ವರ ಎಂದಂತೆ, ಅದೊಂದು ಸ್ಥಿತಿ. ಹಿಂದಿನ ಕಾರಣ ಬೇರೆ ಬೇರೆ ಇರಬಹುದು. ಈ ಸ್ಥಿತಿಯಲ್ಲಿ ಇರುವುದು ಯಾವುದು, ಇಲ್ಲದ್ದು ಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ. ಯಾರೂ ಇಲ್ಲದೆಯೇ ದನಿ ಕೇಳುತ್ತದೆ. ಅದಕ್ಕೆ ಭ್ರಮೆ ಎನ್ನುತ್ತಾರೆ. ಪಕ್ಕದ ತೋಟದವರು ಮೊಬೈಲ್ ಮೂಲಕ ನನ್ನ ಮನಸ್ಸನ್ನು ಓದುತ್ತಿದ್ದಾರೆ ಎಂಬಂಥ, ಯಾರು ಎಷ್ಟು ಹೇಳಿದರೂ ಅಲುಗದ ನಂಬಿಕೆ ಬೇರೂರುತ್ತದೆ, ಅದು ಮಿಥ್ಯಾನಂಬಿಕೆ. ಮಾತು ಹಳಿ ತಪ್ಪುತ್ತದೆ. ಹೆಚ್ಚಾಗಿ ಹದಿನೈದರಿಂದ ಮೂವತ್ತರ ವಯಸ್ಸಿನ ನಡುವೆ ಮೊದಲು ಕಾಣಿಸಿಕೊಳ್ಳುತ್ತದೆ. ಹಾಸ್ಟೆಲ್ಲಿನಿಂದ ಮನೆಗೆ ಬಂದ ಮಗ ರಾತ್ರಿಯಿಡೀ ಎಚ್ಚರವಿದ್ದು, ಸ್ನಾನ ಬಿಟ್ಟು, ಕಿಟಕಿಗೆ ಬಟ್ಟೆ ಕಟ್ಟಿ ಕೂರುವುದು ಆರಂಭದ ಚಿತ್ರ. ಕಾಲೇಜಿನ ಒತ್ತಡ ಎಂದೋ, ಪ್ರೀತಿ ಗೀತಿ ಎಂದೋ ಮನೆಯವರು ಮೊದಲು ಅಂದುಕೊಳ್ಳುತ್ತಾರೆ. ಅದು ಸಹಜ.

ಊರ ತೆರೆಯಲ್ಲಿ, ಅಂದರೆ ದೈವದ ಕೋಲದಲ್ಲಿ, ದೈವ ಮೈಮೇಲೆ ಬರುವುದು ಇದಲ್ಲ. ಅದಕ್ಕೆ ಹೊತ್ತಿದೆ, ಕಟ್ಟಳೆಯಿದೆ. ತೆರೆ ಮುಗಿದ ಮೇಲೆ ಆ ಮನುಷ್ಯ ತನ್ನ ಕೆಲಸಕ್ಕೆ ಮರಳುತ್ತಾನೆ. ಸೈಕೋಸಿಸ್‌ನಲ್ಲಿ ದನಿಗೆ ಹೊತ್ತುಗೊತ್ತಿಲ್ಲ, ಅದು ನಿದ್ದೆ, ಊಟ, ಕೆಲಸ ಮೂರನ್ನೂ ತಿನ್ನುತ್ತದೆ. ದೇವಸ್ಥಾನಕ್ಕೆ ಹೋಗಿ ಹರಕೆ ಹೊತ್ತು ಬರುವುದರಿಂದ ಔಷಧಕ್ಕೆ ಯಾವ ಅಡ್ಡಿಯೂ ಇಲ್ಲ. ಹರಕೆ ಫಲಿಸುವ ತನಕ ವೈದ್ಯರ ಬಳಿ ಹೋಗದೆ ತಿಂಗಳುಗಟ್ಟಲೆ ಕಾಯುವುದು ಮಾತ್ರ ದುಬಾರಿ. ಚಿಕಿತ್ಸೆಯಿಲ್ಲದೆ ಕಳೆದ ಕಾಲ ಉದ್ದವಾದಷ್ಟೂ ಚೇತರಿಕೆ ನಿಧಾನ ಮತ್ತು ಅಪೂರ್ಣ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಚೀಟಿ ಬರೆಯುವ ಮೊದಲು

ಒಳ್ಳೆಯ ವೈದ್ಯರು ಮೊದಲು ಕೇಳುವುದು ದನಿಗಳ ಬಗ್ಗೆ ಅಲ್ಲ, ಜ್ವರ ಇತ್ತೇ ಎಂದು. ಜ್ವರದ ಜೊತೆ ಗಲಿಬಿಲಿ, ಫಿಟ್ಸ್, ದಿನ ಯಾವುದು ಎಂದು ತಿಳಿಯದಿರುವುದು, ಗಂಟೆಗಂಟೆಗೂ ಬದಲಾಗುವ ಎಚ್ಚರ ಇವಿದ್ದರೆ ಅದು ಮಿದುಳಿನ ಸೋಂಕು ಅಥವಾ ಉರಿಯೂತ ಇರಬಹುದು. ಆಗ ಬೇಕಾದ್ದು ಬೇರೆಯೇ ಚಿಕಿತ್ಸೆ, ಅದೂ ಆ ದಿನವೇ. ದಿನವೂ ಕುಡಿಯುವವರು ತಟ್ಟನೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಗೋಡೆಯ ಮೇಲೆ ಹುಳು ಹರಿದಂತೆ ಕಾಣುವುದು, ಕೈ ನಡುಗುವುದು, ಬೆವರುವುದು ಮದ್ಯ ಬಿಟ್ಟದ್ದರ ತೊಂದರೆ, ಅದೂ ತುರ್ತು. ಗಾಂಜಾ, ಥೈರಾಯ್ಡ್, ಸ್ಟೀರಾಯ್ಡ್ ಮಾತ್ರೆಗಳೂ ಸೈಕೋಸಿಸ್ ತರಬಲ್ಲವು. ಹೆರಿಗೆಯಾದ ಎರಡು ವಾರದೊಳಗೆ ಬಾಣಂತಿಗೆ ನಿದ್ದೆ ಹಾರಿ ಮಾತು ಬದಲಾದರೆ ಒಂದು ದಿನವೂ ಕಾಯಬಾರದು.

ಗಾಂಜಾ ಸೇದಿದ್ದರೆ ಅದನ್ನು ವೈದ್ಯರಿಗೆ ಹೇಳುವುದು ಪೊಲೀಸರಿಗೆ ಹೇಳಿದಂತಲ್ಲ. ಮುಚ್ಚಿಟ್ಟರೆ ಔಷಧದ ಲೆಕ್ಕವೇ ತಪ್ಪುತ್ತದೆ.

ಆಮೇಲೆ ಅಳತೆಗಳು: ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್, ಸಾಧ್ಯವಾದರೆ ಇಸಿಜಿ. ಮನಸ್ಸಿನ ತೊಂದರೆಗೆ ಬಂದವರಿಗೆ ಸೊಂಟ ಅಳೆಯುವುದೇಕೆ ಎಂದು ಅನೇಕರು ಹುಬ್ಬೇರಿಸುತ್ತಾರೆ. ಕಾರಣ ಸರಳ. ಈ ಮಾತ್ರೆಗಳಲ್ಲಿ ಕೆಲವು ತೂಕವನ್ನೂ ಸಕ್ಕರೆಯನ್ನೂ ಏರಿಸುತ್ತವೆ. ಎಲ್ಲಿಂದ ಹೊರಟೆವು ಎಂದು ಗೊತ್ತಿಲ್ಲದಿದ್ದರೆ ಎಷ್ಟು ಏರಿತು ಎಂದು ಮೂರು ತಿಂಗಳ ನಂತರ ಹೇಳುವುದು ಹೇಗೆ?

ಇನ್ನೊಂದು ಮಾತು. ಹುಡುಗ ಒಂಟಿಯಾಗಿರುತ್ತಾನೆ, ಓದಿನಲ್ಲಿ ಹಿಂದೆ ಬಿದ್ದಿದ್ದಾನೆ, ಆಗೊಮ್ಮೆ ಈಗೊಮ್ಮೆ ಯಾರೋ ಕರೆದಂತಾಗುತ್ತದೆ ಅನ್ನುತ್ತಾನೆ, ಆದರೆ ಅದು ನಿಜವಲ್ಲ ಎಂದು ಅವನಿಗೇ ಗೊತ್ತು. ಇಂಥಲ್ಲಿ ಈ ಔಷಧ ಕೊಡುವುದಿಲ್ಲ. ಮಾತುಕತೆಯ ಚಿಕಿತ್ಸೆ, ನಿದ್ದೆ ಸರಿಪಡಿಸುವುದು, ಆಗಾಗ ಕರೆಸಿ ನೋಡುವುದು ಸಾಕು. ಬರಬಹುದು ಎಂಬ ಭಯಕ್ಕೆ ಕೊಡುವ ಮಾತ್ರೆಯಲ್ಲ ಇದು.

ಕಾವಲು ನಾಯಿ ಮತ್ತು ಎಲೆಯ ಸದ್ದು

ತೋಟದ ಮನೆಯ ನಾಯಿ ಆನೆ ಬಂದರೆ ಬೊಗಳಬೇಕು, ಕಳ್ಳ ಬಂದರೆ ಬೊಗಳಬೇಕು. ಮಿದುಳಿನಲ್ಲಿ ಅಂಥ ಕಾವಲಿನ ಕೆಲಸ ಡೋಪಮಿನ್ ಎಂಬ ರಾಸಾಯನಿಕದ್ದು. ಸಾವಿರ ಸದ್ದು, ಸಾವಿರ ನೋಟಗಳ ನಡುವೆ ‘ಇದನ್ನು ಗಮನಿಸು’ ಎಂದು ಎಚ್ಚರಿಸುವುದು ಅದು. ಸೈಕೋಸಿಸ್‌ನಲ್ಲಿ ಈ ನಾಯಿ ಸಿಲ್ವರ್ ಓಕಿನ ಎಲೆ ಬಿದ್ದರೂ ಬೊಗಳುತ್ತದೆ. ಬಸ್ಸಿನಲ್ಲಿ ಯಾರೋ ಕೆಮ್ಮಿದ್ದು, ಟಿವಿಯಲ್ಲಿ ಬಂದ ಒಂದು ಪದ, ಎದುರಿನ ಜೀಪಿನ ನಂಬರ್, ಎಲ್ಲವೂ ತನಗೇ ಏನೋ ಹೇಳುತ್ತಿವೆ ಅನ್ನಿಸುತ್ತದೆ. ರಾತ್ರಿಯಿಡೀ ನಾಯಿ ಬೊಗಳುವ ಮನೆಯಲ್ಲಿ ಮಲಗಿದವರು ಏನು ಮಾಡುತ್ತಾರೆ? ಹೊರಗೆ ಯಾರೋ ಇದ್ದಾರೆ ಎಂದು ನಂಬುತ್ತಾರೆ. ಮಿಥ್ಯಾನಂಬಿಕೆ ಹುಟ್ಟುವುದು ಹೀಗೆ. ಕೇಳಿದ್ದಕ್ಕೆ ಮನಸ್ಸು ಕಾರಣ ಹುಡುಕಿಕೊಳ್ಳುತ್ತದೆ.

ಚೀಟಿಯ ಮೊದಲ ಸಾಲಿನ ರಿಸ್ಪೆರಿಡೋನ್‌ನಂಥ ಆಂಟಿಸೈಕೋಟಿಕ್ ಮಾತ್ರೆಗಳು ಡೋಪಮಿನ್ ಬಂದು ತಟ್ಟುವ ಬಾಗಿಲುಗಳಲ್ಲಿ ಒಂದಷ್ಟನ್ನು ಮುಚ್ಚುತ್ತವೆ. ನಾಯಿ ಸುಮ್ಮನಾಗುತ್ತದೆ. ಹೊರಗೆ ಯಾರೋ ಇದ್ದರು ಎಂಬ ನಂಬಿಕೆ ಮಾತ್ರ ಮರುದಿನವೇ ಹೋಗುವುದಿಲ್ಲ. ಹಲವು ರಾತ್ರಿ ಸದ್ದಿಲ್ಲದೆ ಕಳೆದ ಮೇಲೆ ಅದು ಮಸುಕಾಗುತ್ತದೆ. ಗುಣ ಕಾಣುವ ಕ್ರಮಕ್ಕೆ ಕಾರಣ ಇದೇ. ನಿದ್ದೆ ಮತ್ತು ಗಾಬರಿ ಕೆಲವೇ ದಿನದಲ್ಲಿ ಹಿಡಿತಕ್ಕೆ ಬರುತ್ತವೆ. ದನಿಗಳು ಮೊದಲು ದೂರವಾಗುತ್ತವೆ, ವಾರಗಳಲ್ಲಿ ಕಡಿಮೆಯಾಗುತ್ತವೆ. ನಂಬಿಕೆ ಎಲ್ಲಕ್ಕಿಂತ ಕೊನೆಗೆ ಸಡಿಲಾಗುತ್ತದೆ. ಹತ್ತನೇ ದಿನಕ್ಕೆ ‘ಇನ್ನೂ ಅದೇ ಹೇಳುತ್ತಿದ್ದಾನೆ, ಔಷಧ ಹಿಡಿದಿಲ್ಲ’ ಎಂದು ಬಿಟ್ಟುಬಿಡುವವರು ಈ ಕ್ರಮ ತಿಳಿಯದೆ ಬಿಡುತ್ತಾರೆ. ಆ ಹತ್ತು ದಿನದಲ್ಲಿ ನಿದ್ದೆ ಸುಧಾರಿಸಿತ್ತೇ ಎಂದು ಕೇಳಿ ನೋಡಿ. ಅನೇಕ ಮನೆಗಳಲ್ಲಿ ಸುಧಾರಿಸಿರುತ್ತದೆ.

ಡೋಸ್ ಏಕೆ ಇಷ್ಟು ಚಿಕ್ಕದು

ಈ ಗುಂಪಿನ ಮೊದಲ ಔಷಧ ಕ್ಲೋರ್‌ಪ್ರೊಮಜಿನ್. 1952ರಲ್ಲಿ ಪ್ಯಾರಿಸ್‌ನ ಆಸ್ಪತ್ರೆಯಲ್ಲಿ ಬಳಕೆಗೆ ಬಂತು. ಮುಂದಿನ ದಶಕಗಳಲ್ಲಿ ಹೆಚ್ಚು ಕೊಟ್ಟರೆ ಹೆಚ್ಚು ಗುಣ ಎಂದು ಭಾರೀ ಪ್ರಮಾಣ ಕೊಡುವ ರೂಢಿ ಬೆಳೆಯಿತು. ಮಿದುಳಿನ ಚಿತ್ರ ತೆಗೆಯುವ ಯಂತ್ರಗಳು ಬಂದ ಮೇಲೆ ಲೆಕ್ಕ ತಿಳಿಯಾಯಿತು. ನೂರು ಬಾಗಿಲಿದ್ದರೆ ಸುಮಾರು 65 ಮುಚ್ಚಿದಾಗ ರೋಗಲಕ್ಷಣ ಇಳಿಯುತ್ತದೆ. 80ರ ಹತ್ತಿರ ಹೋದಂತೆ ಕೈಕಾಲು ಬಿಗಿತ, ನಡುಕ ಶುರು. ಉಪಯೋಗಕ್ಕೂ ಉಪದ್ರವಕ್ಕೂ ನಡುವಿನ ಹಾದಿ ಅಷ್ಟೇ ಕಿರಿದು.

ಹಿಂದೆಂದೂ ಈ ಔಷಧ ಕಾಣದ ಮಿದುಳು ಕಡಿಮೆ ಪ್ರಮಾಣಕ್ಕೇ ಸ್ಪಂದಿಸುತ್ತದೆ, ಅಡ್ಡಪರಿಣಾಮವನ್ನೂ ಬೇಗ ತೋರಿಸುತ್ತದೆ. ಹಾಗಾಗಿ ಮೊದಲ ಸಲಕ್ಕೆ ರಿಸ್ಪೆರಿಡೋನ್ 2 ಮಿ.ಗ್ರಾಂ ಅನೇಕರಿಗೆ ಸಾಕು. ಹಲವು ವರ್ಷದ ರೋಗಿಗೆ ಕಾಯಿಲೆ ಮರುಕಳಿಸಿದಾಗ 4 ಬೇಕಾಗಬಹುದು. ಇದೇ ಗುಂಪಿನ ಓಲಾಂಜಪಿನ್ ಆದರೆ 5 ಮಿ.ಗ್ರಾಂನಿಂದ ಶುರು ಮಾಡಿ, ಹೆಚ್ಚಿನವರಲ್ಲಿ 10ರೊಳಗೆ ನಿಲ್ಲುತ್ತದೆ. ಅರಿಪಿಪ್ರಜೋಲ್ 10ರ ಸುತ್ತ, ಅಮಿಸಲ್‌ಪ್ರೈಡ್ 300ರ ಸುತ್ತ. ಮಿ.ಗ್ರಾಂ ಸಂಖ್ಯೆ ದೊಡ್ಡದಿದ್ದರೆ ಔಷಧ ಜೋರು ಎಂದಲ್ಲ. ಅಮಿಸಲ್‌ಪ್ರೈಡ್ 300, ರಿಸ್ಪೆರಿಡೋನ್ 2, ಎರಡೂ ಹೆಚ್ಚುಕಡಿಮೆ ಒಂದೇ ತೂಕದ ಕೆಲಸ ಮಾಡುತ್ತವೆ. ‘ನೆಂಟರ ಮಗನಿಗೆ 300 ಕೊಟ್ಟಿದ್ದಾರಂತೆ, ನಮ್ಮವನಿಗೆ ಬರೀ 2’ ಎಂಬ ಹೋಲಿಕೆಗೆ ಅರ್ಥವಿಲ್ಲ.

ಯಾವುದನ್ನು ಆರಿಸುವುದು? ಮೊದಲ ಸೈಕೋಸಿಸ್‌ನಲ್ಲಿ ಇವುಗಳ ನಡುವೆ ಗುಣದಲ್ಲಿ ವ್ಯತ್ಯಾಸ ಕಡಿಮೆ, ಅಡ್ಡಪರಿಣಾಮದಲ್ಲಿ ಬಹಳ. ಆಯ್ಕೆ ನಡೆಯುವುದು ಅಲ್ಲಿ. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಓಲಾಂಜಪಿನ್‌ಗೆ ಯೋಚಿಸಬೇಕು. ನಿದ್ದೆಯೇ ಇಲ್ಲದೆ, ಊಟ ಬಿಟ್ಟು ಸೊರಗಿದವರಿಗೆ ಅದೇ ಓಲಾಂಜಪಿನ್ ಆರಂಭಕ್ಕೆ ಅನುಕೂಲ. ಮುಟ್ಟಿನ ತೊಂದರೆ ಇರುವ ಹುಡುಗಿಗೆ ಅರಿಪಿಪ್ರಜೋಲ್ ಮೇಲು. ಈ ಮಾತನ್ನು ರೋಗಿಯೊಂದಿಗೇ ಆಡಬೇಕು. ‘ಒಂದು ನಿದ್ದೆ ತರುತ್ತದೆ, ಹೊಟ್ಟೆ ಹಸಿಸುತ್ತದೆ, ಇನ್ನೊಂದು ಹಸಿವು ತರುವುದಿಲ್ಲ, ಮೊದಲು ಸ್ವಲ್ಪ ಚಡಪಡಿಕೆ ತರಬಹುದು. ನಿನಗೆ ಯಾವುದು ಆದೀತು?’ ಎಂದು ಕೇಳಿಸಿಕೊಂಡ ಹುಡುಗ ಮಾತ್ರೆಯನ್ನು ತನ್ನದೆಂದು ತಿನ್ನುತ್ತಾನೆ. ಮೊದಲ ತಿಂಗಳ ಅನುಭವ ಕೆಟ್ಟರೆ ಮುಂದಿನ ಹತ್ತು ವರ್ಷ ಆತ ಮಾತ್ರೆ ಎಂದರೆ ಮುಖ ತಿರುಗಿಸುತ್ತಾನೆ. ಚಿಕ್ಕ ಡೋಸಿನ ಹಿಂದಿರುವ ದೊಡ್ಡ ಕಾರಣ ಇದು.

ಚೀಟಿಯ ಎರಡನೇ ಸಾಲು, ಲೊರಾಜೆಪಾಮ್, ನಿಜವಾದ ನಿದ್ದೆ ಮಾತ್ರೆ. ಮೊದಲ ಮಾತ್ರೆ ಕೆಲಸ ಹಿಡಿಯುವ ತನಕ ಊರುಗೋಲು. ವಾರ ಎರಡು ವಾರಕ್ಕಿಂತ ಮುಂದೆ ಎಳೆದರೆ ಅಭ್ಯಾಸವಾಗಿಬಿಡುತ್ತದೆ. ‘7 ದಿನ ಮಾತ್ರ’ ಎಂದು ಬರೆದಿರುವುದನ್ನು ಅಂಗಡಿಯವರೂ ಮನೆಯವರೂ ಹಾಗೆಯೇ ಪಾಲಿಸಬೇಕು.

ಮೊದಲ ಹದಿನೈದು ದಿನ

ಎಲ್ಲ ಸರಿಯಿದೆ ಎನ್ನುವಾಗ, ಎರಡನೇ ಅಥವಾ ಮೂರನೇ ರಾತ್ರಿ, ಕೆಲವೊಮ್ಮೆ ಹುಡುಗನ ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ದಪ್ಪವಾದಂತೆ ಮಾತು ತೊದಲುತ್ತದೆ. ನೋಡಿದವರಿಗೆ ಫಿಟ್ಸ್ ಅನ್ನಿಸುತ್ತದೆ, ಇಲ್ಲವೇ ಗಾಳಿ ಮೆಟ್ಟಿದೆ ಅನ್ನಿಸುತ್ತದೆ. ಆತನಿಗೆ ಎಚ್ಚರ ಪೂರ್ತಿ ಇರುತ್ತದೆ, ನೋವೂ ಇರುತ್ತದೆ. ಇದು ಸ್ನಾಯು ಸೆಳೆತ, ಔಷಧದಿಂದ ಬಂದದ್ದು. ಹರೆಯದ ಗಂಡುಮಕ್ಕಳಲ್ಲಿ ಹೆಚ್ಚು. ಆಸ್ಪತ್ರೆಯಲ್ಲಿ ಪ್ರೊಮೆಥಜಿನ್ ಚುಚ್ಚಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಬಿಡುತ್ತದೆ. ಚೀಟಿಯ ಮೂರನೇ ಸಾಲಿನ ಟ್ರೈಹೆಕ್ಸಿಫೆನಿಡಿಲ್ ಇರುವುದೂ ಇಂಥ ಬಿಗಿತಕ್ಕಾಗಿಯೇ. ನುಂಗಲು ಕಷ್ಟ ಅಥವಾ ಉಸಿರು ಕಟ್ಟಿದಂತಿದ್ದರೆ ಮಾತ್ರೆ ಕೊಡುತ್ತ ಕೂರದೆ 108ಕ್ಕೆ ಕರೆ ಮಾಡಿ. ಕೆಲವು ಕಂಪನಿಗಳ ಮಾತ್ರೆಯಲ್ಲಿ ರಿಸ್ಪೆರಿಡೋನ್ ಮತ್ತು ಟ್ರೈಹೆಕ್ಸಿಫೆನಿಡಿಲ್ ಬೆರೆತೇ ಬರುತ್ತವೆ. ಅನುಕೂಲ ನಿಜ. ಆದರೆ ಈ ಎರಡನೆಯದು ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ, ನೆನಪನ್ನು ಮಂಜಾಗಿಸುತ್ತದೆ. ಡೋಸ್ ಚಿಕ್ಕದಿದ್ದರೆ ಅದರ ಅಗತ್ಯವೇ ಬಾರದಿರಬಹುದು. ಮುಂದಿನ ಭೇಟಿಯಲ್ಲಿ ಇದು ಇನ್ನೂ ಬೇಕೇ ಎಂದು ಕೇಳಿ.

ಇನ್ನೊಂದು ಅಡ್ಡಪರಿಣಾಮ ಸದ್ದಿಲ್ಲದ್ದು, ಅದಕ್ಕೇ ಹೆಚ್ಚು ಅಪಾಯದ್ದು. ಕೂತಲ್ಲಿ ಕೂರಲಾಗದು. ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಕಾಫಿ ಕಣಕ್ಕೆ, ಮತ್ತೆ ಜಗಲಿಗೆ ತಿರುಗಾಟ. ನಿಂತರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಲೇ ಇರುತ್ತಾನೆ. ಮನೆಯವರು ಕಾಯಿಲೆ ಹೆಚ್ಚಾಯಿತು ಎನ್ನುತ್ತಾರೆ. ಅದನ್ನೇ ನಂಬಿ ಡೋಸ್ ಏರಿಸಿದರೆ ಚಡಪಡಿಕೆಯೂ ಏರುತ್ತದೆ. ಪತ್ತೆ ಹಚ್ಚುವ ಪ್ರಶ್ನೆ ಒಂದೇ: ‘ಚಡಪಡಿಕೆ ಮನಸ್ಸಿನಲ್ಲೋ, ಕಾಲಿನಲ್ಲೋ?’ ಕಾಲಿನಲ್ಲಿ ಎಂದರೆ ಇದು ಮಾತ್ರೆಯದ್ದು. ಡೋಸ್ ಇಳಿಸುತ್ತಾರೆ, ಔಷಧ ಬದಲಿಸುತ್ತಾರೆ, ಅಥವಾ ಆಸ್ತಮಾ ಇಲ್ಲದವರಿಗೆ ಪ್ರೊಪ್ರನೊಲೋಲ್ ಸೇರಿಸುತ್ತಾರೆ. ಈ ಚಡಪಡಿಕೆ ತಾಳಲಾರದೆ ಸಾಯುವ ಮಾತಾಡುವವರಿದ್ದಾರೆ. ಮುಂದಿನ ಭೇಟಿಯ ತನಕ ಕಾಯಬೇಡಿ.

ತೂಕಡಿಕೆ ಸಾಮಾನ್ಯ. ಬೆಳಿಗ್ಗೆ ಎಂಟಕ್ಕೆ ತೋಟದ ಕೆಲಸಕ್ಕೆ ಹೋಗಬೇಕಾದವರು ಮಾತ್ರೆಯನ್ನು ರಾತ್ರಿ ಹತ್ತರ ಬದಲು ಎಂಟಕ್ಕೆ ತೆಗೆದುಕೊಂಡರೆ ಬೆಳಗಿನ ಮಂಪರು ತಗ್ಗುತ್ತದೆ. ತಟ್ಟನೆ ಎದ್ದರೆ ಬಿಪಿ ಇಳಿದು ತಲೆ ಸುತ್ತಬಹುದು. ಹಾಗಾಗಿ ಮೊದಲ ಕೆಲವು ವಾರ ಮೆಣಸು ಕೊಯ್ಯಲು ಏಣಿ ಹತ್ತಬಾರದು, ನೆರಳು ಮರದ ಕೊಂಬೆ ಕಡಿಯುವ ಮರ ಕಸಿಗೆ ಹೋಗಬಾರದು, ಕಳೆ ಕೊಚ್ಚುವ ಯಂತ್ರ ಹಿಡಿಯಬಾರದು, ಘಾಟಿಯಲ್ಲಿ ಜೀಪು ಓಡಿಸಬಾರದು. ಹೀಗೆಂದು ಚೀಟಿಯಲ್ಲಿ ಬರೆದಿರುವುದಿಲ್ಲ.

ಅಪರೂಪಕ್ಕೆ ಬರುವ, ಪ್ರಾಣಕ್ಕೆ ಎರವಾಗುವ ತೊಂದರೆಯೊಂದಿದೆ. ಜೋರು ಜ್ವರ, ಮೈಯೆಲ್ಲ ಮರದ ಕೊರಡಿನಂತೆ ಸೆಟೆಯುವುದು, ಬೆವರು, ಗೊಂದಲ. ಮಳೆಗಾಲದ ಜ್ವರವಿರಬೇಕು ಎಂದು ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬೇಡಿ. ಮಾತ್ರೆ ನಿಲ್ಲಿಸಿ, ಆಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ, ಚೀಟಿಯನ್ನು ಜೊತೆಗೆ ಒಯ್ಯಿರಿ.

ತೂಕ, ಸಕ್ಕರೆ, ಮುಟ್ಟು

ತೂಕ ಹೆಚ್ಚಾಗಿ ಏರುವುದು ಮೊದಲ ತಿಂಗಳುಗಳಲ್ಲೇ. ಮೊದಲ ಆರು ವಾರ ವಾರಕ್ಕೊಮ್ಮೆ, ಒಂದೇ ತೂಕದ ಯಂತ್ರದಲ್ಲಿ, ಬೆಳಿಗ್ಗೆ ತಿಂಡಿಗೆ ಮೊದಲು ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ. 60 ಕೆ.ಜಿ. ಇದ್ದವರು ತಿಂಗಳಲ್ಲಿ 63 ದಾಟಿದರೆ ವೈದ್ಯರಿಗೆ ಹೇಳಬೇಕು. ಇದು ಆಲಸ್ಯದಿಂದ ಬಂದ ತೂಕವಲ್ಲ. ಔಷಧವು ಹೊಟ್ಟೆ ತುಂಬಿತು ಎಂಬ ಸೂಚನೆಯನ್ನೇ ಮಸುಕಾಗಿಸುತ್ತದೆ. ‘ತಿನ್ನೋದು ಬಿಟ್ಟು ಬೇರೆ ಕೆಲಸ ಇಲ್ಲ’ ಎಂದು ಬೈಯುವುದರ ಬದಲು ತಟ್ಟೆ ನೋಡಿ: ಎರಡನೇ ಬಾರಿ ಬಡಿಸಿದ ಅಕ್ಕಿ ರೊಟ್ಟಿ, ಕಡಂಬುಟ್ಟು, ಅನ್ನದ ಜಾಗಕ್ಕೆ ಪಲ್ಯ, ಸೊಪ್ಪು, ಕಾಳು, ಮೊಟ್ಟೆ ಬರಲಿ. ಬೇಕರಿ ತಿಂಡಿ, ಬಾಟಲಿಯ ತಂಪು ಪಾನೀಯ ಮನೆಗೆ ತರುವುದನ್ನೇ ಬಿಡಿ. ಇಷ್ಟರಲ್ಲೂ ತೂಕ ಏರಿದರೆ ವೈದ್ಯರು ಔಷಧ ಬದಲಿಸುತ್ತಾರೆ ಅಥವಾ ಮೆಟ್‌ಫಾರ್ಮಿನ್ ಸೇರಿಸುತ್ತಾರೆ. ಸಕ್ಕರೆ, ಕೊಲೆಸ್ಟರಾಲ್ ಮೂರನೇ ತಿಂಗಳಿಗೆ ಮತ್ತೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ.

ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್‌ಗಳಲ್ಲಿ ಪ್ರೊಲಾಕ್ಟಿನ್ ಎಂಬ ಹಾರ್ಮೋನು ಏರಿ ಮುಟ್ಟು ನಿಲ್ಲಬಹುದು, ಎದೆಯಲ್ಲಿ ಹಾಲು ಬರಬಹುದು. ಮದುವೆಯಾಗದ ಹುಡುಗಿಗೆ ಹೀಗಾದರೆ ಮನೆಯಲ್ಲಿ ಏನೇನು ಮಾತು ಹುಟ್ಟುತ್ತವೆ ಎಂದು ಬೇರೆ ಹೇಳಬೇಕಿಲ್ಲ. ಮೊದಲೇ ಎಚ್ಚರಿಸುವುದು ವೈದ್ಯರ ಕರ್ತವ್ಯ. ಗಂಡಸರಲ್ಲಿ ಲೈಂಗಿಕ ಆಸಕ್ತಿ ಕುಂದಬಹುದು. ಬಾಯಿಬಿಟ್ಟು ಹೇಳಲಾರದೆ ಗುಟ್ಟಾಗಿ ಮಾತ್ರೆ ಬಿಡುವವರು ಬಹಳ. ಎರಡಕ್ಕೂ ಪರಿಹಾರವಿದೆ: ಡೋಸ್ ಇಳಿಸುವುದು ಅಥವಾ ಬೇರೆ ಔಷಧ.

ಕಾಫಿ, ಬೀಡಿ, ಬ್ರಾಂದಿ

ಕೊಡಗಿನಲ್ಲಿ ಕಾಫಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಮಧ್ಯಾಹ್ನದ ಮೇಲೆ ಕುಡಿದ ಕಾಫಿ ರಾತ್ರಿಯ ನಿದ್ದೆ ಕದಿಯುತ್ತದೆ, ನಿದ್ದೆ ಕೆಟ್ಟರೆ ಸೈಕೋಸಿಸ್ ಕೆರಳುತ್ತದೆ. ಎರಡು ಲೋಟಕ್ಕೆ, ಅದೂ ಹಗಲಿಗೆ ನಿಲ್ಲಿಸಿದರೆ ಸಾಕು. ಬೇರೆ ಔಷಧ ಹಿಡಿಯದವರಿಗೆ ಕೊಡುವ ಕ್ಲೋಜಪಿನ್ ತೆಗೆದುಕೊಳ್ಳುವವರು ಮಾತ್ರ ಹೆಚ್ಚು ಎಚ್ಚರದಿಂದಿರಬೇಕು. ಕಾಫಿಯ ಕೆಫೀನು ಮತ್ತು ಕ್ಲೋಜಪಿನ್ ಎರಡನ್ನೂ ಯಕೃತ್ತಿನ ಒಂದೇ ಕಿಣ್ವ ಕರಗಿಸುತ್ತದೆ. ಕಾಫಿ ಹೆಚ್ಚಾದರೆ ಆ ಔಷಧ ರಕ್ತದಲ್ಲಿ ಕೂಡಿಬೀಳುತ್ತದೆ. ಏಳೆಂಟು ಲೋಟ ಕುಡಿಯುವವರು ತಟ್ಟನೆ ಬಿಟ್ಟರೆ ಅದರ ಮಟ್ಟ ಇಳಿಯುತ್ತದೆ.

ಬೀಡಿ ಸಿಗರೇಟು ಇದಕ್ಕೆ ತದ್ವಿರುದ್ಧ. ಹೊಗೆ ಆ ಕಿಣ್ವವನ್ನು ಚುರುಕಾಗಿಸಿ ಓಲಾಂಜಪಿನ್, ಕ್ಲೋಜಪಿನ್ ಎರಡನ್ನೂ ಬೇಗ ಹೊರಹಾಕುತ್ತದೆ. ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ಜಗಿಯುವ ತಂಬಾಕಿನಲ್ಲಿ ಹೀಗಾಗುವುದಿಲ್ಲ. ಆಸ್ಪತ್ರೆಗೆ ಸೇರಿ ಬೀಡಿ ಬಿಟ್ಟ ವಾರದಲ್ಲಿ ಕ್ಲೋಜಪಿನ್ ಮಟ್ಟ ಒಂದೂವರೆ ಪಟ್ಟಾಗಬಹುದು. ಸೇದುವುದನ್ನು ಬಿಡಬೇಕೆಂದಿದ್ದರೆ ಬಿಡುವ ಮೊದಲೇ ವೈದ್ಯರಿಗೆ ತಿಳಿಸಿ, ಡೋಸ್ ಹೊಂದಿಸುತ್ತಾರೆ. ಮದ್ಯ ಮಂಪರನ್ನು ಹೆಚ್ಚಿಸುತ್ತದೆ. ಮದುವೆ ಮನೆಯಲ್ಲಿ ಕುಡಿದ ರಾತ್ರಿ ಭಯಪಟ್ಟು ಮಾತ್ರೆ ಬಿಡುವುದು, ಮರುದಿನ ಎರಡು ಸೇರಿಸಿ ನುಂಗುವುದು, ಹೀಗೆ ಡೋಸ್ ತಾಳ ತಪ್ಪುತ್ತದೆ. ಗಾಂಜಾ ಪೂರ್ತಿ ಬಿಡಬೇಕು. ಅದರಲ್ಲಿ ಸ್ವಲ್ಪ ಎಂಬುದಿಲ್ಲ.

‘ನನಗೇನೂ ಆಗಿಲ್ಲ’ ಎಂದಾಗ

ಕಾಯಿಲೆ ಇದೆ ಎಂಬ ಅರಿವೇ ಇಲ್ಲದಿರುವುದು ಈ ಸ್ಥಿತಿಯ ಲಕ್ಷಣ. ಹಾಗಾಗಿ ಅನೇಕ ಮನೆಗಳಲ್ಲಿ ಮಾತ್ರೆಯನ್ನು ಪುಡಿ ಮಾಡಿ ಕಾಫಿಯಲ್ಲೋ ಸಾರಿನಲ್ಲೋ ಬೆರೆಸುತ್ತಾರೆ. ಪ್ರೀತಿಯಿಂದಲೇ ಮಾಡುವ ಕೆಲಸ. ಆದರೆ ಅದು ಕೆಡುವ ಬಗೆ ನೋಡಿ. ಅರ್ಧ ಲೋಟ ಕುಡಿದರೆ ಎಷ್ಟು ಒಳಗೆ ಹೋಯಿತು ಎಂದು ತಿಳಿಯದು. ಕುತ್ತಿಗೆ ತಿರುಚಿಕೊಂಡರೆ ಏಕೆ ಎಂದು ಅವನಿಗೆ ತಿಳಿಯದು. ಮನೆಯವರು ಊಟದಲ್ಲಿ ವಿಷ ಹಾಕುತ್ತಾರೆ ಎಂಬ ಅನುಮಾನ ಮೊದಲೇ ಇದ್ದವನಿಗೆ ಲೋಟದ ತಳದಲ್ಲಿ ಬಿಳಿ ಪುಡಿ ಕಂಡರೆ, ಆ ಅನುಮಾನ ಸಾಬೀತಾದಂತೆ. ಆಮೇಲೆ ಅವನು ತಾಯಿ ಬಡಿಸಿದ ಅನ್ನವನ್ನೂ ಮುಟ್ಟುವುದಿಲ್ಲ.

ದನಿಗಳು ನಿಜವೋ ಸುಳ್ಳೋ ಎಂಬ ವಾದಕ್ಕೆ ಇಳಿಯದೆ, ಇಬ್ಬರೂ ಒಪ್ಪುವ ತೊಂದರೆಯಿಂದ ಮಾತು ಶುರು ಮಾಡಿ. ‘ನಾಲ್ಕು ದಿನದಿಂದ ನಿದ್ದೆ ಇಲ್ಲ ಮಗ, ತಲೆ ಭಾರ ಅಂತೀಯ. ಅದಕ್ಕಾದರೂ ಒಮ್ಮೆ ಡಾಕ್ಟರಿಗೆ ತೋರಿಸೋಣ’ ಎಂಬುದು ಸುಳ್ಳಲ್ಲ, ನಿಜವೇ. ಮಾತ್ರೆಯನ್ನು ಕೆನ್ನೆಯೊಳಗೆ ಅಡಗಿಸಿ ಉಗುಳುವವರಿಗೆ ಬಾಯಲ್ಲೇ ಕರಗುವ ಓಲಾಂಜಪಿನ್ ಇದೆ. ದಿನವೂ ಮಾತ್ರೆ ನುಂಗುವುದು ಅವರಿಗೇ ಬೇಡವಾದರೆ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಅದೇ ಔಷಧವನ್ನು ಮೊದಲು ಮಾತ್ರೆಯಾಗಿಯೋ ಚಿಕ್ಕ ಪರೀಕ್ಷಾ ಡೋಸಾಗಿಯೋ ಕೊಟ್ಟು ಮೈಗೆ ಒಗ್ಗುತ್ತದೆಯೇ ಎಂದು ನೋಡಿ ಆಮೇಲೆ ಕೊಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಚಿಕಿತ್ಸೆ ಏನು, ಅಡ್ಡಪರಿಣಾಮ ಏನು ಎಂದು ತಿಳಿಯುವುದು ರೋಗಿಯ ಹಕ್ಕು. ತನ್ನ ಪರವಾಗಿ ಮಾತಾಡುವವರನ್ನು ಹೆಸರಿಸುವ ಹಕ್ಕೂ ಇದೆ. ತೀರ್ಮಾನ ಮಾಡುವ ಸ್ಥಿತಿಯಲ್ಲಿ ಇಲ್ಲದಾಗ ಆ ವ್ಯಕ್ತಿಯ ನೆರವಿನಿಂದ ದಾಖಲು ಮಾಡಿಕೊಳ್ಳುವ ದಾರಿಯನ್ನೂ ಕಾಯ್ದೆ ಕೊಟ್ಟಿದೆ.

ಕೊಡಗಿನ ಅನೇಕ ಮನೆಗಳಲ್ಲಿ ಕೋವಿ ಇದೆ. ಕಾಯಿಲೆ ಕೆರಳಿರುವ ವಾರಗಳಲ್ಲಿ ಅದು ಆ ಮನೆಯಲ್ಲಿ ಇರಬಾರದು. ಕೋವಿ ಇಟ್ಟುಕೊಳ್ಳಲು ಕಾನೂನಿನ ಅವಕಾಶವಿರುವ ಕುಟುಂಬದವರ ಮನೆಗೆ ಕಳಿಸಿ, ತೋಟಾಗಳನ್ನು ಬೇರೆ ಕಡೆ ಬೀಗ ಹಾಕಿಡಿ. ಸೈಕೋಸಿಸ್ ಇರುವವರು ಬೇರೆಯವರಿಗೆ ಅಪಾಯ ಮಾಡುವುದಕ್ಕಿಂತ ತಮಗೇ ಮಾಡಿಕೊಳ್ಳುವುದು ಹೆಚ್ಚು. ತೋಟಕ್ಕೆ ಹೊಡೆಯುವ ಔಷಧದ ಡಬ್ಬಿಗಳಿಗೂ ಇದೇ ಮಾತು.

ಗುಣ ಕಾಣದಿದ್ದರೆ

ಎರಡು ವಾರ ದಿನವೂ ತೆಗೆದುಕೊಂಡರೂ ಎಳ್ಳಷ್ಟೂ ಬದಲಾವಣೆ ಇಲ್ಲದಿದ್ದರೆ ಡೋಸ್ ಏರಿಸುತ್ತಾರೆ. ತಕ್ಕ ಡೋಸಿನಲ್ಲಿ ನಾಲ್ಕರಿಂದ ಆರು ವಾರ ನೋಡಿ ಔಷಧ ಬದಲಿಸುತ್ತಾರೆ. ಅದಕ್ಕೆ ಮೊದಲು ನಿಜವಾಗಿ ನುಂಗುತ್ತಿದ್ದಾರೆಯೇ ಎಂದು ಖಾಲಿ ಸ್ಟ್ರಿಪ್ ಎಣಿಸಬೇಕು. ಎರಡು ಔಷಧ ಹೀಗೆ ಸರಿಯಾಗಿ ಪರೀಕ್ಷಿಸಿಯೂ ಫಲ ಸಿಗದವರಿಗೆ ಕ್ಲೋಜಪಿನ್. 1975ರಲ್ಲಿ ಫಿನ್‌ಲೆಂಡ್‌ನಲ್ಲಿ ಇದರಿಂದ ಬಿಳಿ ರಕ್ತಕಣ ಕುಸಿದು ಸಾವುಗಳಾದವು. ಹಾಗಾಗಿ ಮೊದಲ 18 ವಾರ ವಾರಕ್ಕೊಮ್ಮೆ, ನಂತರ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಗಂಟಲು ನೋವು, ಜ್ವರ ಬಂದರೆ ಅದೇ ದಿನ ರಕ್ತ ನೋಡಬೇಕು. ಮಲಬದ್ಧತೆಯನ್ನೂ ಹಗುರವಾಗಿ ಎಣಿಸಬಾರದು, ಕರುಳೇ ನಿಂತುಹೋದ ಉದಾಹರಣೆಗಳಿವೆ. ಇಷ್ಟು ಕಟ್ಟುನಿಟ್ಟು ಇದ್ದರೂ, ಬೇರೆ ಯಾವುದೂ ಹಿಡಿಯದವರಿಗೆ ಇದರಷ್ಟು ಕೆಲಸ ಮಾಡುವ ಔಷಧ ಇಂದಿಗೂ ಇನ್ನೊಂದಿಲ್ಲ.

ಮಳೆಗಾಲಕ್ಕೆ ಮೊದಲು

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಕಡಿದುಹೋದಾಗ ಬಿಪಿ, ಸಕ್ಕರೆ ಮಾತ್ರೆಗಳಂತೆ ಈ ಮಾತ್ರೆಗಳೂ ಮನೆ ತಲುಪುವ ದಾರಿ ಇರಲಿಲ್ಲ. ಮೇ ಕೊನೆಯ ಭೇಟಿಯಲ್ಲಿ ಹದಿನೈದು ದಿನದ ಹೆಚ್ಚುವರಿ ಔಷಧ ಬರೆಸಿಕೊಳ್ಳಿ. ಬಿಡಿ ಮಾತ್ರೆ ಡಬ್ಬಿಗೆ ಸುರಿಯದೆ ಸ್ಟ್ರಿಪ್ಪಿನಲ್ಲೇ, ಒಲೆಯ ಆವಿ ತಾಗದ, ತೇವವಿಲ್ಲದ ಕಡೆ, ಮನೆಯ ಹಿರಿಯರ ಸುಪರ್ದಿಯಲ್ಲಿಡಿ. ಬಾಯಲ್ಲಿ ಕರಗುವ ಮಾತ್ರೆಯನ್ನು ತಿನ್ನುವ ಹೊತ್ತಿಗಷ್ಟೇ ಬಿಡಿಸಿ. ಒಂದು ದಿನ ಮರೆತರೆ ನೆನಪಾದಾಗ ಅಂದಿನದನ್ನು ಕೊಡಿ, ಎರಡು ಸೇರಿಸಬೇಡಿ. ಕ್ಲೋಜಪಿನ್ ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸಿಗೆ ನೇರ ಮರಳಬಾರದು. 12.5 ಮಿ.ಗ್ರಾಂನಿಂದ ಮತ್ತೆ ಮೆಟ್ಟಿಲು ಹತ್ತಬೇಕು, ವೈದ್ಯರಿಗೆ ಫೋನ್ ಮಾಡಿ.

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ತಪಾಸಣೆ ಇರುತ್ತದೆ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. 2022ರ ಅಕ್ಟೋಬರ್‌ನಿಂದ ಇರುವ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಎಷ್ಟು ಕಾಲ, ಹೇಗೆ ನಿಲ್ಲಿಸುವುದು

ಎಲ್ಲರೂ ಜೀವನಪೂರ್ತಿ ತಿನ್ನಬೇಕಾಗಿಲ್ಲ. ಮೊದಲ ಸಲ ಬಂದು ಪೂರ್ತಿ ಗುಣವಾದವರಿಗೆ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ ಎಂದು ಲೆಕ್ಕ; ಪೂರ್ತಿ ಗುಣವಾಗದವರಿಗೆ, ಮರುಕಳಿಸಿದವರಿಗೆ ಇನ್ನೂ ಹೆಚ್ಚು. ಗುಣವಾದ ಮೇಲೂ ಏಕೆ? ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಒಂದು ವರ್ಷದಲ್ಲಿ ಕಾಯಿಲೆ ಮರುಕಳಿಸಿದ್ದು ಔಷಧ ಮುಂದುವರಿಸಿದವರಲ್ಲಿ ನೂರಕ್ಕೆ 27 ಮಂದಿಗೆ, ಔಷಧವಿಲ್ಲದ ಹುಸಿ ಗುಳಿಗೆಗೆ ಬದಲಿಸಿದವರಲ್ಲಿ 64 ಮಂದಿಗೆ. ಔಷಧ ಬಿಟ್ಟ ಮರುವಾರವೇ ಏನೂ ಆಗುವುದಿಲ್ಲ, ಮೋಸ ಹೋಗುವುದು ಇಲ್ಲೇ. ಮೈ ಹಗುರ, ಮಂಪರಿಲ್ಲ, ಹಳೆಯ ಹುರುಪು. ಎರಡು ಮೂರು ತಿಂಗಳ ನಂತರ ನಿದ್ದೆ ಕೆಡಲು ಶುರು. ಇನ್ನೊಂದು ಕಡೆ, ಬೇಡದ ಡೋಸನ್ನು ವರ್ಷಗಟ್ಟಲೆ ಎಳೆದರೆ ತುಟಿ, ನಾಲಿಗೆ ತಾವಾಗಿ ಅಲುಗುವ ತೊಂದರೆ ಬಂದು ಉಳಿದುಬಿಡಬಹುದು. ಆದ್ದರಿಂದ ಇನ್ನೂ ಎಷ್ಟು ಕಾಲ ಎಂದು ಆರು ತಿಂಗಳಿಗೊಮ್ಮೆ ಕೇಳುವ ಹಕ್ಕು ನಿಮ್ಮದು.

ಇಳಿಸುವಾಗ ತಿಂಗಳುಗಳ ಮೆಟ್ಟಿಲು ಬೇಕು. 2 ಮಿ.ಗ್ರಾಂ ಇದ್ದದ್ದು 1.5, ಕೆಲವು ತಿಂಗಳು ನೋಡಿ 1, ಆಮೇಲೆ ಅರ್ಧ, ಅದಕ್ಕೂ ಕಡಿಮೆ. ಕೊನೆಯ ಮೆಟ್ಟಿಲುಗಳು ಚಿಕ್ಕವಿರಬೇಕು. ಕಡಿಮೆ ಡೋಸಿನಲ್ಲಿ ಅರ್ಧ ಮಿ.ಗ್ರಾಂ ತೆಗೆದರೂ ಒಮ್ಮೆಲೇ ಬಹಳ ಬಾಗಿಲು ತೆರೆದುಕೊಳ್ಳುತ್ತವೆ. ಪರೀಕ್ಷೆ, ಮದುವೆ, ಕಾಫಿ ಕೊಯ್ಲಿನ ಗಡಿಬಿಡಿ, ರಸ್ತೆ ಕಡಿಯುವ ಜುಲೈ-ಆಗಸ್ಟ್, ಈ ಹೊತ್ತಿನಲ್ಲಿ ಇಳಿಸಲು ಶುರು ಮಾಡುವುದು ಬೇಡ.

ಇಳಿಸಲು ಹೊರಡುವ ಮೊದಲು, ರೋಗಿ ಚೆನ್ನಾಗಿರುವಾಗಲೇ, ಅವರ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸಿಡಿ: ಹೋದ ಸಲ ಎಲ್ಲಕ್ಕಿಂತ ಮೊದಲು ಕಂಡ ಮೂರು ಬದಲಾವಣೆ ಯಾವುವು. ಒಬ್ಬರಿಗೆ ಎರಡು ರಾತ್ರಿ ನಿದ್ದೆ ಬಾರದಿರುವುದು, ಇನ್ನೊಬ್ಬರಿಗೆ ಫೋನ್ ಆಫ್ ಮಾಡಿಡುವುದು, ಮತ್ತೊಬ್ಬರಿಗೆ ಊಟಕ್ಕೆ ಮೊದಲು ಅನ್ನ ಮೂಸಿ ನೋಡುವುದು. ಆ ಮೂರರಲ್ಲಿ ಎರಡು ಕಂಡರೆ ಯಾರಿಗೆ ಫೋನ್ ಮಾಡಬೇಕು, ಆ ರಾತ್ರಿ ಎಷ್ಟು ಮಿ.ಗ್ರಾಂ ತೆಗೆದುಕೊಳ್ಳಬೇಕು ಎಂದು ವೈದ್ಯರು ಅದೇ ಹಾಳೆಯಲ್ಲಿ ಕೆಳಗೆ ಬರೆದುಕೊಡಲಿ. ಹಾಳೆಯನ್ನು ಮಾತ್ರೆಯ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ.